ಓಶಿಯೊ ಎಂಬ ಅಡ್ಡಹೆಸರು

ಬೆಳಿಗ್ಗೆ ಅನ್ನ ಬೆಂದ ಕೂಡಲೇ ಮೊದಲ ಹಿಡಿಯನ್ನು ಹಿತ್ತಾಳೆಯ ಪುಟ್ಟ ಬಟ್ಟಲಿಗೆ ತುಂಬಿ ಅಮಿದ ಬುದ್ಧನ ಪೀಠದ ಮುಂದೆ ಇಡುವ ಕೆಲಸ ಮೂವತ್ತನಾಲ್ಕು ವರ್ಷ ಹಿಸಾಯೊಳದಾಗಿತ್ತು. ಈಗ ನಾಲ್ಕು ತಿಂಗಳಿಂದ ಅದು ಅವಳ ಗಂಡ ತರುಮಿ ಕುನಿಹಿಕೊ ಅವರ ಕೆಲಸ. ಎಪ್ಪತ್ತಾರರ ಕೈ, ಬಟ್ಟಲಿನಲ್ಲಿ ಅನ್ನ ಅವಳು ಕೂರಿಸಿದಂತೆ ದುಂಡಗೆ ಕೂರುತ್ತಿರಲಿಲ್ಲ. ಗಂಟೆ ತಟ್ಟಿ, ಜಪಮಾಲೆ ಹಿಡಿದು, "ನಮು ಅಮಿದ ಬುತ್ಸು" ಎಂದು ಹೇಳುವಾಗ ಪೀಠದ ಪಕ್ಕದಲ್ಲಿ ತೂಗುಹಾಕಿದ ಕಾಗದದ ಮೇಲೆ ಅವರ ಕಣ್ಣು ಹೋಗುತ್ತಿತ್ತು. ಅದರಲ್ಲಿ ಅವಳು ತೀರಿಕೊಂಡ ಮೇಲೆ ದೇವಾಲಯದ ಗುರುಗಳು ಕೊಟ್ಟ ಧರ್ಮನಾಮವಿತ್ತು. ಒಳ್ಳೆಯ ಹೆಸರು. ಆದರೆ ಆ ಹೆಸರಿನಿಂದ ಅವಳನ್ನು ಕರೆದವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

ಆ ದಿನ ಅವರು ನಾಮ ಮುಗಿಸಿ, ಒಂದು ಲಕೋಟೆಯನ್ನು ಪೀಠದ ಅಂಚಿಗೆ ಒರಗಿಸಿದರು.

"ನೋಡು, ತೋಕಿಯೋದಿಂದ ಬಂದಿದೆ," ಎಂದರು. "ಹದಿಮೂರು ದೀಪಸ್ತಂಭ ಮತ್ತೆ ಮಾರಾಟಕ್ಕೆ ಬರುತ್ತಂತೆ. ಈ ಸಲ ಎಲ್ಲರ ನಿಜವಾದ ಹೆಸರೂ ಹಾಕ್ತಾರಂತೆ."

ಹದಿಮೂರು ದೀಪಸ್ತಂಭ ಎಂಬುದು ಹಮಾನೆ ಕಂಪನಿ ಮಾಡಿದ ವಿಡಿಯೋ ಗೇಮು. ಮುದುಕ ಅಂಬಿಗನೊಬ್ಬ ದೋಣಿ ಹುಟ್ಟುಹಾಕುತ್ತ ದ್ವೀಪದಿಂದ ದ್ವೀಪಕ್ಕೆ ಹೋಗಿ ಆರಿಹೋದ ಹದಿಮೂರು ದೀಪಗಳನ್ನು ಹಚ್ಚಬೇಕು. ಇಷ್ಟೇ ಆಟ. ಮೂವತ್ತಾರು ವರ್ಷದ ಹಿಂದೆ ಜಪಾನಿನ ಮಕ್ಕಳಲ್ಲಿ ಅರ್ಧಪಾಲು ಆ ದೋಣಿಯಲ್ಲಿ ಕುಳಿತವರೇ. ಆಟ ಮರೆತವರಿಗೂ ಅದರ ರಾಗ ನೆನಪಿತ್ತು. ಆ ರಾಗ ಹಿಸಾಯೊಳದು.

ಆದರೆ ಅದು ಅವಳದೆಂದು ತಿಳಿದವರು ಈಗ ಬೆರಳೆಣಿಕೆಯಷ್ಟೂ ಇರಲಿಲ್ಲ. ಆಟದ ಕೊನೆಯಲ್ಲಿ ತೆರೆಯ ಮೇಲೆ ಹೆಸರುಗಳು ಏರುತ್ತವಲ್ಲ, ಅಲ್ಲಿ ಸಂಗೀತದ ಮುಂದೆ 'ಓಶಿಯೊ' ಎಂದು ಮಾತ್ರ ಇತ್ತು. ಓಶಿಯೊ ಎಂದರೆ ಉಪ್ಪು. ಕೆಲಸಕ್ಕೆ ಸೇರಿದ ಮೊದಲ ದಿನ ಎಲ್ಲರಿಗೂ ಅವಳು ತಂದ ಅನ್ನದ ಉಂಡೆಯಲ್ಲಿ ಉಪ್ಪು ಜಾಸ್ತಿಯಾಗಿತ್ತು. ಯಜಮಾನ ಹಮಾನೆ ಗಿಸಾಕು ಒಂದು ತುತ್ತು ತಿಂದು, ಎರಡು ಲೋಟ ನೀರು ಕುಡಿದು, ಆ ಹೆಸರಿಟ್ಟಿದ್ದರು.

ಅಡ್ಡಹೆಸರು ಹಾಕುವುದು ಆ ಕಾಲದ ಪದ್ಧತಿ. ಹಮಾನೆಯಲ್ಲಿ ಮಾತ್ರವಲ್ಲ, ಆಟ ಮಾಡುವ ಎಲ್ಲ ಕಡೆಯೂ ಹಾಗೆಯೇ ಇತ್ತು. ಯಾರ ಕೈ ಚುರುಕು ಎಂದು ಹೊರಗೆ ಗೊತ್ತಾದರೆ ಮರುದಿನವೇ ದೊಡ್ಡ ಕಂಪನಿಯವರು ಬಂದು ಎತ್ತಿಕೊಂಡು ಹೋಗುತ್ತಿದ್ದರು. ಅದಕ್ಕೇ ತೆರೆಯ ಮೇಲೆ ಉಪ್ಪು, ಬೆಕ್ಕು, ಮೂರನೇ ತಮ್ಮ, ಗೂರಲು ಅಜ್ಜ ಇಂಥವೇ ಹೆಸರುಗಳು. ಹಮಾನೆಯಲ್ಲಿ ಈ ಕಾವಲಿನ ಹೊಣೆ ವಿಭಾಗದ ಮುಖ್ಯಸ್ಥರಾಗಿದ್ದ ಕುನಿಹಿಕೊ ಅವರದು. ಅವರು ಅದನ್ನು ಶ್ರದ್ಧೆಯಿಂದ ಮಾಡಿದರು. ಒಂದು ಆಟ ಮುಗಿದ ಕೂಡಲೇ ಎಲ್ಲರ ಮೇಜಿನಿಂದ ಕಾಗದಗಳನ್ನು ಬಾಚಿ, ಕೆಳಗಿನ ಲೇತ್ ಕಾರ್ಖಾನೆಯ ಒಲೆಗೆ ತಾವೇ ಹಾಕುತ್ತಿದ್ದರು. ಹಿಸಾಯೊ ಅಂಕಿಗಳಲ್ಲಿ ರಾಗ ಬರೆದಿಟ್ಟ ಹನ್ನೊಂದು ನೋಟ್‌ಬುಕ್ಕುಗಳೂ ಹಾಗೆಯೇ ಹೋದವು. ಅವಳು ಒಲೆಯ ಬಳಿ ನಿಂತು, "ಚಳಿಗಾಲಕ್ಕೆ ಆಗ್ತಿತ್ತಲ್ಲ, ಬೇಸಿಗೇಲಿ ಸುಡ್ತಾ ಇದೀರಿ," ಎಂದು ನಕ್ಕಿದ್ದಳು.

ಅವಳು ಹೆಸರಿನ ವಿಷಯ ಎತ್ತಿದ್ದು ಜೀವಮಾನದಲ್ಲಿ ಒಂದೇ ಸಲ. ಅದು ಆಸ್ಪತ್ರೆಯಲ್ಲಿ, ಜನವರಿಯ ಕೊನೆಯ ವಾರ. ತೊಯೊಶಿಮಾ ಎಂಬ ನರ್ಸು ಪಾಳಿ ಮುಗಿಸಿ, ಕೋಟು ತೊಟ್ಟು, ಹೋಗಿಬರುತ್ತೇನೆ ಎಂದು ಹೇಳಲು ಮಂಚದ ಬಳಿ ಬಂದಾಗ ಅವಳ ಜೇಬಿನಲ್ಲಿ ಫೋನು ಹಾಡಿತು. ಹದಿಮೂರು ದೀಪಸ್ತಂಭದ ರಾಗ. ಹಿಸಾಯೊಳ ಬೆರಳು ತಾನಾಗಿ ಎದ್ದು, ರಾಗ ಒಂದು ಕ್ಷಣ ನಿಂತುಹೋಗುವ ಕಡೆಯಲ್ಲೆಲ್ಲ ಮಂಚದ ಕಂಬಿಯನ್ನು ತಟ್ಟಿತು.

"ಅದು ನಾನು ಮಾಡಿದ್ದಮ್ಮಾ," ಎಂದಳು.

"ಹೌದಾ ಅಜ್ಜಿ? ತುಂಬಾ ಚೆನ್ನಾಗಿದೆ ಆಯ್ತಾ," ಎಂದು ನರ್ಸು ನಕ್ಕು ಹೊದಿಕೆ ಸರಿಮಾಡಿದಳು. ಒಳ್ಳೆಯ ಹುಡುಗಿ. ಜ್ವರದಲ್ಲಿ ಬಡಬಡಿಸುವ ಮಗುವಿಗೆ ನಗುವ ನಗೆ ಅದು.

ಅವಳು ಹೋದ ಮೇಲೆ ಹಿಸಾಯೊ ಗಂಡನ ಕಡೆ ತಿರುಗಿದಳು. "ನಂಬಲಿಲ್ಲ," ಎಂದಳು. "ನೀವು ಹೇಳ್ರೀ ಅವಳಿಗೆ."

"ನಾಳೆ ಹೇಳ್ತೀನಿ."

ಮರುದಿನ ಆ ನರ್ಸಿಗೆ ರಜೆ. ಅದರ ಮರುದಿನ ಹಿಸಾಯೊಳಿಗೆ ಎಚ್ಚರವಿರಲಿಲ್ಲ. ಫೆಬ್ರವರಿ ನಾಲ್ಕಕ್ಕೆ ಎಲ್ಲ ಮುಗಿಯಿತು.

ಆಮೇಲೆ ಆಸ್ಪತ್ರೆಯ ಬಾಗಿಲವರೆಗೆ ಎರಡು ಸಲ ಹೋಗಿ ಕುನಿಹಿಕೊ ಹಿಂದಿರುಗಿದ್ದರು. ಬಾಯಿಮಾತಿನಲ್ಲಿ ಹೇಳಿದರೆ ಆ ಹುಡುಗಿ ಮುದುಕನಿಗೂ ಅದೇ ನಗೆ ನಗುತ್ತಾಳೆ. ಅಚ್ಚಾದ ಒಂದು ಹಾಳೆ ಬೇಕು. ಅದರಲ್ಲಿ, ಸಂಗೀತ, ತರುಮಿ ಹಿಸಾಯೊ ಎಂದು ಇರಬೇಕು. ಈ ಲಕೋಟೆ ಬಂದಾಗ ಅವರು ಅದನ್ನು ಅಮಿದನೇ ಕಳಿಸಿದ್ದೆಂದು ತಿಳಿದು ತೆರೆಯುವ ಮುಂಚೆ ಹಣೆಗೊತ್ತಿಕೊಂಡಿದ್ದರು.

*

ತೋಕಿಯೋದ ಕಂಪನಿಯಿಂದ ಬಂದವಳು ಮಿಸೊನೊ ಎಂಬ ಮೂವತ್ತರ ಹೆಣ್ಣುಮಗಳು. ಹಮಾನೆಯ ಆಟಗಳ ಹಕ್ಕು ಕೈಯಿಂದ ಕೈಗೆ ದಾಟಿ ಈಗ ಅವಳ ಕಂಪನಿಯ ಬಳಿ ಇತ್ತು. ಆಟದ ಜೊತೆ ಕೊಡಲು ಹಮಾನೆಯ ಚರಿತ್ರೆಯನ್ನು ಒಂದು ಪುಸ್ತಿಕೆಯಾಗಿ ಬರೆಯುವುದು ಅವಳ ಕೆಲಸ. ಪೀಠದ ಮುಂದೆ ಊದುಬತ್ತಿ ಹಚ್ಚಿ, ಹಿಸಾಯೊಳ ಚಿತ್ರಕ್ಕೆ ನಮಸ್ಕರಿಸಿ, ಆಮೇಲೆ ಕುಳಿತು ಪೆನ್ನು ತೆಗೆದಳು. ಕುನಿಹಿಕೊ ಅವರಿಗೆ ಅವಳು ಮೆಚ್ಚುಗೆಯಾದಳು.

ಅವರು ಮೊದಲಿನಿಂದ ಹೇಳಿದರು. ಹಮಾನೆ ಗಿಸಾಕು ಅಮಾಗಸಾಕಿಯಲ್ಲಿ ಲೇತ್ ಇಟ್ಟುಕೊಂಡು ಕಾಫಿ ಅಂಗಡಿಗಳ ವಿಡಿಯೋ ಆಟದ ಮೇಜಿಗೆ ನಾಣ್ಯ ಹಾಕುವ ಬಾಯಿ ಮಾಡುತ್ತಿದ್ದವರು. ಎಲ್ಲರೂ ಮೇಜಿನ ಮೇಲೆ ಬಗ್ಗಿ ಆಡುವುದನ್ನು ನೋಡಿ, "ಬಾಯಿ ಮಾಡೋನು ಹೊಟ್ಟೇನೂ ಯಾಕೆ ಮಾಡಬಾರದು?" ಎಂದು ಮೇಲಿನ ಮಹಡಿ ಖಾಲಿಮಾಡಿಸಿ ಏಳು ಜನರನ್ನು ಕೂರಿಸಿದರು. ಲೇತ್ ತಿರುಗಿದರೆ ಮೇಲೆ ಚಹಾ ಲೋಟ ನಡೆದಾಡುತ್ತಿತ್ತು. ಸಂಗೀತಕ್ಕೆಂದು ಬಂದ ಹಿಸಾಯೊಳಿಗೆ ಆ ಗದ್ದಲದಲ್ಲಿ ಕಿವಿ ಕೇಳುತ್ತಿದ್ದದ್ದು ಮಧ್ಯಾಹ್ನ ಕಾರ್ಖಾನೆಯವರು ಊಟಕ್ಕೆ ನಿಲ್ಲಿಸಿದ ಮುಕ್ಕಾಲು ಗಂಟೆ ಮಾತ್ರ. ಊಟ ಬಿಟ್ಟು ಆ ಮುಕ್ಕಾಲು ಗಂಟೆಯಲ್ಲಿ ಅವಳು ರಾಗ ಕಟ್ಟುತ್ತಿದ್ದಳು.

"ಆಗಿನ ಯಂತ್ರಕ್ಕೆ ಒಟ್ಟಿಗೆ ಮೂರೇ ಸ್ವರ ಬರ್ತಿದ್ದದ್ದು," ಎಂದರು. "ಹುಟ್ಟು ನೀರಿಗೆ ಬೀಳೋ ಸದ್ದು ಬೇಕು ಅಂದ್ರೆ ರಾಗದಿಂದ ಒಂದು ಸ್ವರ ಕಿತ್ತುಕೊಡಬೇಕು. ಎಲ್ಲರೂ ಅದನ್ನ ಕಷ್ಟ ಅಂತಿದ್ರು. ಇವಳು ಏನು ಮಾಡಿದ್ಲು ಗೊತ್ತಾ, ಹುಟ್ಟು ಬೀಳೋ ಕಡೆ ರಾಗದಲ್ಲೇ ಜಾಗ ಬಿಟ್ಟಳು. ಹುಟ್ಟುಹಾಕಿದ್ರೆ ಮಾತ್ರ ರಾಗ ಪೂರ್ತಿ ಆಗೋದು. ಆಡೋ ಮಗುವಿಗೆ ತಾನೇ ಹಾಡ್ತಾ ಇದೀನಿ ಅನ್ನಿಸಬೇಕು ಅಂತ."

ಮಿಸೊನೊ ಬರೆಯುವುದನ್ನು ನಿಲ್ಲಿಸಿದಳು. "ಹಾಗಾದ್ರೆ ಓಶಿಯೊ ಅಂದ್ರೆ ಯಾರು, ತರುಮಿ ಸಾನ್?"

"ಹಿಸಾಯೊ. ನನ್ನ ಹೆಂಡತಿ. ಓಶಿಯೊ ಅಂದ್ರೆ ಅವಳೇ."

ಹುಡುಗಿ ಚೀಲದಿಂದ ಒಂದು ಹಾಳೆ ತೆಗೆದಳು. ಅದನ್ನು ಮೇಜಿನ ಮೇಲೆ ಇಡಲು ಅವಳಿಗೆ ಸಂಕೋಚವಾದದ್ದು ಕಾಣುತ್ತಿತ್ತು. "ಹಳೇ ಪ್ರಕಾಶಕರ ಉಗ್ರಾಣದಲ್ಲಿ ಇದು ಸಿಕ್ತು. ಇದೊಂದೇ ನಮಗಿರೋ ಕಾಗದ."

ಹಮಾನೆಯ ಹೆಸರಿದ್ದ ಹಾಳೆ. ಎಡಗಡೆ ಅಡ್ಡಹೆಸರು, ಬಲಗಡೆ ನಿಜವಾದ ಹೆಸರು. 'ಓಶಿಯೊ, ಸಂಗೀತ: ಏಬರಾ ತೇಯಿಜಿ.' ಎಲ್ಲಕ್ಕಿಂತ ಕೆಳಗೆ, ಅಡ್ಡಹೆಸರಿನ ಜಾಗ ಖಾಲಿ ಬಿಟ್ಟು, 'ಕಚೇರಿ ಸಹಾಯ, ಚಹಾ: ಮೊರಿಶಿತಾ ಹಿಸಾಯೊ.' ಅದು ಮದುವೆಗೆ ಮುಂಚಿನ ಅವಳ ಮನೆತನದ ಹೆಸರು. ಕೊನೆಯಲ್ಲಿ ಕೆಂಪು ಮುದ್ರೆ. ತರುಮಿ.

"ಅಕ್ಷರ ನಿಮ್ಮದೇ ಅಲ್ವಾ?" ಎಂದಳು ಮಿಸೊನೊ ಮೆಲ್ಲಗೆ.

ಅವರದೇ. ಅವರು ಅದನ್ನು ಪೂರ್ತಿ ಮರೆತಿದ್ದರು. ಆಟ ಗೆದ್ದ ವರ್ಷ ಪ್ರಕಾಶಕರು ಎಲ್ಲರ ನಿಜವಾದ ಹೆಸರಿನ ಪಟ್ಟಿ ಕೇಳಿದ್ದರು. ಕಡತಕ್ಕೆ ಬೇಕು, ಬೇರೇನಿಲ್ಲ ಎಂದು. ಯಜಮಾನರು ಬೀಡಿಯಂತೆ ಸಿಗರೇಟು ಹಿಡಿದು, "ಕಾಚೋ, ಏನಾದ್ರೂ ಬರೆದು ಕೊಡು ಮಾರಾಯ. ನಿಜ ಮಾತ್ರ ಬರೀಬೇಡ. ಆ ಹುಡುಗಿ ಹೋದ್ರೆ ನಾವು ಮತ್ತೆ ನಾಣ್ಯದ ಬಾಯಿ ಮಾಡ್ಕೊಂಡು ಕೂರೋದೇ," ಎಂದಿದ್ದರು. ಕಾಚೋ ಎಂದರೆ ವಿಭಾಗದ ಮುಖ್ಯಸ್ಥ. ಕುನಿಹಿಕೊ ಅವರನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಅವರು ಒಂದು ಸಂಜೆ ಕುಳಿತು ಹೆಸರುಗಳನ್ನು ಅದಲುಬದಲು ಮಾಡಿದರು. ರಾಗ ಬಾರದ, ಸದ್ದುಗಳನ್ನು ಮಾತ್ರ ಮಾಡುತ್ತಿದ್ದ ಏಬರಾನ ತಲೆಗೆ ಓಶಿಯೊ ಹೆಸರನ್ನು ಕಟ್ಟಿದರು. ಹಿಸಾಯೊಳನ್ನು ಯಾರ ಕಣ್ಣೂ ಬೀಳದ ಜಾಗದಲ್ಲಿ ಬಚ್ಚಿಟ್ಟರು.

ಕಂಪನಿಯ ಹಿತಕ್ಕೇ ಬಚ್ಚಿಟ್ಟದ್ದು ಎಂದು ಇಷ್ಟು ವರ್ಷ ನಂಬಿದ್ದರು. ಹಾಳೆಯ ಮುಂದೆ ಕುಳಿತಾಗ ಬೇರೆಯದೂ ನೆನಪಾಯಿತು. ಆಗ ಅವರಿಗೆ ನಲವತ್ತು ವರ್ಷ, ಮದುವೆಯಾಗಿರಲಿಲ್ಲ. ಅವಳು ತೋಕಿಯೋಗೆ ಹೋಗಿಬಿಟ್ಟಾಳೆಂಬ ಹೆದರಿಕೆ ಕಂಪನಿಗಿಂತ ಅವರಿಗೇ ಹೆಚ್ಚಾಗಿತ್ತು.

"ಇದು ಸುಳ್ಳು ಪಟ್ಟಿ," ಎಂದರು. "ನಾನೇ ಬರೆದ ಸುಳ್ಳು."

ಮಿಸೊನೊ ತಲೆ ಬಗ್ಗಿಸಿದಳು. "ನಾನು ನಂಬ್ತೀನಿ. ಆದರೆ ಕಾಗದ ಒಂದು ಹೇಳುತ್ತೆ, ಗಂಡನಾದವರು ಇನ್ನೊಂದು ಹೇಳ್ತಾರೆ ಅಂದ್ರೆ ನಮ್ಮ ಮೇಲಿನವರು ಕಾಗದವನ್ನೇ ಹಿಡೀತಾರೆ. ಏಬರಾ ಸಾನ್ ಅವರೇ ಅಲ್ಲ ಅಂತ ಹೇಳಿದ್ರೆ ದಾರಿ ಇದೆ. ಅವರು ಅವಾಜಿ ದ್ವೀಪದಲ್ಲಿದಾರೆ. ಪತ್ರ ಬರೆದಿದ್ದೆ, ಉತ್ತರ ಬರಲಿಲ್ಲ."

*

ಜೂನ್ ತಿಂಗಳ ನಡುವೆ ಕುನಿಹಿಕೊ ಸೇತುವೆ ದಾಟುವ ಬಸ್ಸು ಹತ್ತಿ ಅವಾಜಿಗೆ ಹೋದರು. ಈರುಳ್ಳಿ ಕಿತ್ತು ಮುಗಿದಿತ್ತು. ದಾರಿಯುದ್ದಕ್ಕೂ ಗೋಡೆಯಿಲ್ಲದ ಕೊಟ್ಟಿಗೆಗಳಲ್ಲಿ ಈರುಳ್ಳಿ ಗೊಂಚಲುಗಳು ತೂಗುತ್ತಿದ್ದವು. ಅಂಥದೊಂದು ಕೊಟ್ಟಿಗೆಯ ನೆರಳಿನಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು, ಏಬರಾ ತೇಯಿಜಿ ಈರುಳ್ಳಿಯ ಬಾಲ ಕತ್ತರಿಸುತ್ತಿದ್ದ. ತುಂಬ ಮುದುಕನಾಗಿದ್ದ, ನಗು ಮಾತ್ರ ಹಳೆಯದೇ.

"ಏನ್ರೀ ಕಾಚೋ! ಇನ್ನೂ ಬದುಕಿದೀರಾ? ಒಲೆಗೆ ಹಾಕೋಕೆ ಏನಾದ್ರೂ ಕಾಗದ ಉಳಿದಿದೆಯಾ ಅಂತ ನೋಡೋಕೆ ಬಂದ್ರಾ?"

"ಹಿಸಾಯೊ ಹೋದಳು ಏಬರಾ. ಫೆಬ್ರವರೀಲಿ."

ಕತ್ತರಿ ನಿಂತಿತು. ಏಬರಾ ತಲೆಯ ಟವೆಲ್ ಬಿಚ್ಚಿ, ಕೈಜೋಡಿಸಿ, ಕಣ್ಣು ಮುಚ್ಚಿದ. ಆಮೇಲೆ ಒಂದು ಬುಟ್ಟಿಯನ್ನು ಬೋರಲು ಹಾಕಿ, "ಕೂತ್ಕೊಳ್ಳಿ," ಎಂದ. ಬಾರ್ಲಿ ಚಹಾ ತಂದುಕೊಟ್ಟ. ಕುನಿಹಿಕೊ ಬಂದ ವಿಷಯ ಹೇಳಿದರು.

"ಆ ಹೆಸರು ನಾನು ಕೇಳಿ ತಗೊಂಡದ್ದಲ್ಲ," ಎಂದ ಏಬರಾ. "ನೀವು ಹಚ್ಚಿದ್ದು."

"ನಾನೇ ಹಚ್ಚಿದ್ದು. ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಆಯ್ತಾ? ನೀವು ಪಟ್ಟಿ ಕೊಟ್ಟ ಮುಂದಿನ ವರ್ಷ ತೋಕಿಯೋದವರು ನನ್ನ ಹುಡುಕ್ಕೊಂಡು ಬಂದ್ರು. ನಾನೂ ಹಿಗ್ಗಿಬಿಟ್ಟೆ. ಯಾಕೆ ಅಂತ ನನಗೇನು ಗೊತ್ತು? ಒಂದು ಕೋಣೆ ಕೊಟ್ಟು ಪಿಯಾನೋ ಇಟ್ರು. ಇನ್ನೊಂದು ಅಂಥದೇ ರಾಗ ಮಾಡಿ, ಓಶಿಯೊ ಸಾನ್ ಅಂದ್ರು. ಅವಾಗ ತಿಳೀತು ಕಾಚೋ ನನ್ನ ತಲೆ ಮೇಲೆ ಏನು ಕೂರಿಸಿದಾರೆ ಅಂತ. ಎರಡು ವರ್ಷ ಆ ಪಿಯಾನೋ ಮುಂದೆ ಕೂತೆ. ನನಗೆ ಬರ್ತಿದ್ದದ್ದು ಹುಟ್ಟಿನ ಸದ್ದು, ಬಾಗಿಲು ಬಡಿಯೋ ಸದ್ದು. ಮೂರನೇ ವರ್ಷ ಉಗ್ರಾಣಕ್ಕೆ ಹಾಕಿದ್ರು."

"ಅಲ್ಲ ಅಂತ ಹೇಳಬಹುದಿತ್ತಲ್ಲೋ."

"ಹೇಳೋಕೆ ನೀವು ಬಿಟ್ರಾ? ಸಾಯೋವರೆಗೂ ಬಾಯಿ ಬಿಡಲ್ಲ ಅಂತ ಯಜಮಾನರ ಮುಂದೆ ಎಲ್ಲರ ಕೈಲೂ ಆಣೆ ಹಾಕಿಸಿದ್ದು ಯಾರು?" ಏಬರಾ ಒಂದು ಈರುಳ್ಳಿಯನ್ನು ಎತ್ತಿ ಅದರ ಸಿಪ್ಪೆ ಉಜ್ಜಿದ. "ಆಮೇಲೆ ಊರಿಗೆ ಬಂದೆ. ಊರವರಿಗೆ ಹೇಗೋ ಗೊತ್ತಾಗಿತ್ತು. ನಮ್ಮ ತೇಯಿಜಿ ಓಶಿಯೊ ಅಂತೆ ಅಂತ. ಹೆಂಡತಿ ಬಿಟ್ಟುಹೋದ್ಲು, ಕೆಲಸ ಹೋಯ್ತು, ಇದೊಂದು ಉಳೀತು. ನಾನು ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ಹಾಗೇ ನಡೀತು."

ಕುನಿಹಿಕೊ ಬುಟ್ಟಿಯಿಂದ ಇಳಿದು, ಮಣ್ಣಿನ ನೆಲದ ಮೇಲೆ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟುವಂತೆ ಬಾಗಿದರು. ಮುದುಕನ ಬೆನ್ನು ಹಾಗೆ ಬಾಗುವುದು ನೋಡಲು ಕಷ್ಟ.

"ಏಳ್ರೀ, ಏಳಿ. ಈರುಳ್ಳಿ ಸಿಪ್ಪೆ ಎಲ್ಲ ಮೂಗಿಗೆ ಹತ್ತುತ್ತೆ. ಏಳಿ ಅಂದೆ."

ಆಗ ಸಂಜೆ ಐದು ಗಂಟೆಯಾಯಿತು. ಎಲ್ಲ ಊರಿನಂತೆ ಆ ಊರಿನಲ್ಲೂ ಐದಕ್ಕೆ ಕಂಬದ ಮೇಲಿನ ಧ್ವನಿವರ್ಧಕದಿಂದ ಹಾಡು ಬರುತ್ತದೆ. ಮಕ್ಕಳು ಮನೆಗೆ ಹೋಗಬೇಕು, ಹೊಲದವರು ಕೆಲಸ ಬಿಡಬೇಕು ಎಂದು. ಗದ್ದೆಗಳ ಮೇಲೆ, ಈರುಳ್ಳಿಯ ಕೊಟ್ಟಿಗೆಗಳ ಮೇಲೆ, ದೂರದ ಸಮುದ್ರದವರೆಗೂ ಹಿಸಾಯೊಳ ರಾಗ ಹರಡಿತು. ಊರಿನ ಹೆಮ್ಮೆಯ ಮಗನ ರಾಗವೆಂದು ಪುರಸಭೆಯವರು ಹನ್ನೆರಡು ವರ್ಷದಿಂದ ಅದನ್ನೇ ಹಾಕುತ್ತಿದ್ದರು.

ರಾಗ ನಿಂತು ಜಾಗ ಬಿಡುವ ಕಡೆ ಏಬರಾ ರಬ್ಬರ್ ಬೂಟಿನ ಕಾಲಿನಿಂದ ನೆಲ ತಟ್ಟಿದ. ಮುಂದಿನ ಜಾಗದಲ್ಲಿ ಮತ್ತೆ ತಟ್ಟಿದ. ಹುಟ್ಟಿನ ಸದ್ದು ಅವನದು. ಅವನು ಎಂದೂ ತಾಳ ತಪ್ಪಿದವನಲ್ಲ. ಹಾಡು ಮುಗಿಯುವಾಗ ಅವನ ಗಲ್ಲ ಒದ್ದೆಯಾಗಿತ್ತು.

"ದಿನಾ ಐದು ಗಂಟೆಗೆ ಇದು," ಎಂದ. "ದಿನಾ ನಾನು ಎಲ್ಲಿದ್ರೂ ತಲೆ ತಗ್ಗಿಸ್ತೀನಿ. ಊರವರು ವಿನಯ ಅಂತ ತಿಳ್ಕೊಂಡಿದಾರೆ."

ಟವೆಲಿನಿಂದ ಮುಖ ಒರೆಸಿಕೊಂಡು, "ಬರೆದು ಕೊಡ್ತೀನಿ. ಪುರಸಭೆಗೂ ಹೇಳ್ತೀನಿ. ಅಕ್ಕ ಮಾಡಿದ ರಾಗ, ಅಕ್ಕನ ಹೆಸರಲ್ಲೇ ಬರಲಿ," ಎಂದ. ಅವನು ಹಿಸಾಯೊಳನ್ನು ಯಾವಾಗಲೂ ಅಕ್ಕ ಎಂದೇ ಕರೆಯುತ್ತಿದ್ದವನು.

ಬಸ್ಸಿನವರೆಗೆ ಬಂದು ಒಂದು ಗೊಂಚಲು ಈರುಳ್ಳಿಯನ್ನು ಕುನಿಹಿಕೊ ಅವರ ಮಡಿಲಲ್ಲಿ ಇಟ್ಟ. ದಾರಿಯುದ್ದಕ್ಕೂ ಅವರು ಅದನ್ನು ಮಗುವಿನಂತೆ ಅಪ್ಪಿಕೊಂಡು ಕುಳಿತಿದ್ದರು. ಆ ರಾತ್ರಿ ಪೀಠದ ಮುಂದೆ, "ಇನ್ನು ಸ್ವಲ್ಪ ದಿನ ಕಣೇ," ಎಂದು ಹೇಳಿ ಮಲಗಿದರು. ಹಿಸಾಯೊ ಹೋದ ಮೇಲೆ ಅವರು ನೆಮ್ಮದಿಯಾಗಿ ನಿದ್ದೆಮಾಡಿದ ರಾತ್ರಿ ಅದೊಂದೇ.

*

ಸೆಪ್ಟೆಂಬರಿನಲ್ಲಿ ಮಿಸೊನೊ ಫೋನು ಮಾಡಿದಳು. ಸುತ್ತಿ ಬಳಸಿ ಹೇಳುವ ಹುಡುಗಿಯಲ್ಲ. ಅಂದು ಮಾತ್ರ ಮಳೆಯ ವಿಷಯ, ಆರೋಗ್ಯದ ವಿಷಯ ಕೇಳಿದಳು.

"ಹೇಳಮ್ಮಾ," ಎಂದರು ಕುನಿಹಿಕೊ.

"ಏಬರಾ ಸಾನ್ ಅವರ ಪತ್ರ ಬಂತು. ಮುದ್ರೆ ಹಾಕಿ ಕಳಿಸಿದಾರೆ. ನಾನು ಮೇಲಿನವರ ಮುಂದೆ ಇಟ್ಟೆ. ವಕೀಲರು ಹೇಳಿದ್ದು ಏನಂದ್ರೆ… ಹಳೇ ಕಾಗದದಲ್ಲಿ ಒಂದು ಹೆಸರು. ಆ ಹೆಸರಿನವರೇ ನಾನಲ್ಲ ಅಂತಾರೆ. ಅದೂ ನೀವು ಹೋಗಿ ಬಂದ ಮೇಲೆ. ಯಾರ ಮಾತು ನಿಜ ಅಂತ ತೀರ್ಮಾನ ಮಾಡೋ ಅಧಿಕಾರ ಕಂಪನಿಗಿಲ್ಲ ಅಂತ. ವಿವಾದ ಇರೋ ಕಡೆ ಅಡ್ಡಹೆಸರನ್ನೇ ಬಿಡೋದು ಅಂತ."

"ಅಂದ್ರೆ?"

"ಉಳಿದವರದೆಲ್ಲ ನಿಜವಾದ ಹೆಸರು ಬರುತ್ತೆ. ಸಂಗೀತದ ಮುಂದೆ ಓಶಿಯೊ ಅಂತಲೇ ಇರುತ್ತೆ." ಅವಳ ದನಿ ತಗ್ಗಿತು. "ನಾನು ಬಹಳ ಹೇಳಿದೆ, ತರುಮಿ ಸಾನ್."

"ಹೇಳಿರ್ತೀಯಮ್ಮಾ. ನನಗೆ ಗೊತ್ತು."

"ಇನ್ನೊಂದು ಇದೆ. ಪಟ್ಟಿಯ ಕೊನೇ ಸಾಲು. ಅದರ ಬಗ್ಗೆ ಯಾರೂ ತಕರಾರು ಮಾಡಿಲ್ಲ, ಅದನ್ನ ಹಾಗೇ ಹಾಕಬಹುದು ಅಂದ್ರು. ಕಚೇರಿ ಸಹಾಯ, ಚಹಾ, ಅಂತ. ಮದುವೆಯಾದ ಮೇಲಿನ ಹೆಸರು ಹಾಕಿಸ್ತೀನಿ. ಬೇಡ ಅಂದ್ರೆ ತೆಗೆಸ್ತೀನಿ. ನೀವು ಹೇಳಿದ ಹಾಗೆ."

ಕುನಿಹಿಕೊ ಎರಡನ್ನೂ ತೂಗಿ ನೋಡಿದರು. ತೆಗೆಸಿದರೆ ಹಮಾನೆಯ ಚರಿತ್ರೆಯಲ್ಲಿ ಹಿಸಾಯೊ ಎಂಬವಳು ಇರುವುದೇ ಇಲ್ಲ. ಇಟ್ಟರೆ ಚಹಾ ಕೊಡುವವಳಾಗಿ ಇರುತ್ತಾಳೆ. ಆ ಸಾಲು ಬರೆದ ಸಂಜೆ ಅವರು ಅದನ್ನು ಅವಳಿಗೆ ತೋರಿಸಿ ನಕ್ಕಿದ್ದರು. ಅವಳೂ ನಕ್ಕು, "ಸುಳ್ಳೇನಲ್ಲ ಬಿಡಿ, ಚಹಾ ಚೆನ್ನಾಗೇ ಮಾಡ್ತೀನಲ್ಲ," ಎಂದಿದ್ದಳು. ಹೇಳಿ, ಕಿಟಕಿಯ ಕಡೆ ತಿರುಗಿಕೊಂಡಿದ್ದಳು. ಆ ತಿರುಗಿಕೊಂಡದ್ದು ಅವರಿಗೆ ಈಗ ಕಾಣಿಸಿತು.

"ಇರಲಿ," ಎಂದರು. "ಹೆಸರು ಇರಲಿ."

ಅಕ್ಟೋಬರಿನಲ್ಲಿ ಏಬರಾನಿಂದ ಒಂದು ಕಾರ್ಡು ಬಂತು. "ಕಾಚೋ, ಪುರಸಭೆಗೆ ಹೋಗಿ ರಾಗ ನನ್ನದಲ್ಲ ಅಂತ ಹೇಳಿದೆ. ಮೊದಲು ನಕ್ಕರು. ಆಮೇಲೆ ತೋಕಿಯೋಗೆ ಫೋನು ಮಾಡಿ ವಿಚಾರಿಸಿದರು. ಯಾರದು ಎಂದು ಗೊತ್ತಿಲ್ಲದ್ದನ್ನು ಹಾಕುವುದು ಬೇಡವೆಂದು ತೀರ್ಮಾನವಾಯಿತು. ಈಗ ಐದಕ್ಕೆ ಬರೀ ಗಂಟೆ ಬಾರಿಸುತ್ತಾರೆ. ಬೀದಿಯಲ್ಲಿ ಜನ ಮೊದಲಿನಂತೆ ಮಾತಾಡಿಸುವುದಿಲ್ಲ. ಅದು ಹೋಗಲಿ. ಐದು ಗಂಟೆಗೆ ಕಾಲು ತಾನಾಗಿ ತಟ್ಟುತ್ತದೆ, ಹಾಡು ಇಲ್ಲ." ಅಷ್ಟೇ ಇತ್ತು. ಕುನಿಹಿಕೊ ಉತ್ತರ ಬರೆಯಲು ಮೂರು ಸಲ ಕುಳಿತರು. ಹೊಸ ವರ್ಷದ ಹೊತ್ತಿಗೆ ಏಬರಾ ತೀರಿಕೊಂಡನೆಂದು ಅವನ ತಂಗಿಯಿಂದ ಕಪ್ಪಂಚಿನ ಕಾಗದ ಬಂತು. ಕೊಟ್ಟಿಗೆಯಲ್ಲಿ, ಬುಟ್ಟಿಯ ಮೇಲೆ ಕುಳಿತಲ್ಲೇ.

*

ವರ್ಷದ ಪೂಜೆಗೆ ಗುರುಗಳು ಬಂದು ಸೂತ್ರ ಓದಿದರು. ಕೂತಿದ್ದವರು ಕುನಿಹಿಕೊ, ಮತ್ತು ಹಿಂದೆ ಹಿಸಾಯೊಳ ಬಳಿ ಆರ್ಗನ್ ಕಲಿತ ಪಕ್ಕದ ಮನೆಯ ಹೆಂಗಸು, ಇಬ್ಬರೇ. ಗುರುಗಳು ಹೊರಡುವಾಗ ಕುನಿಹಿಕೊ ಕೇಳಿದರು: "ಸುಳ್ಳು ಬರೆದವನ ನಾಮಸ್ಮರಣೆ ಅಮಿದನಿಗೆ ಮುಟ್ಟುತ್ತಾ ಸ್ವಾಮಿ?"

"ಸುಳ್ಳು ಬರೆದವರಿಗಾಗಿಯೇ ಅಲ್ಲವೇ ಅವನು ಕಾದಿರೋದು," ಎಂದರು ಗುರುಗಳು, ಚಪ್ಪಲಿ ಮೆಟ್ಟುತ್ತ. ಒಳ್ಳೆಯ ಮಾತು. ಕುನಿಹಿಕೊ ಬಾಗಿ ನಮಸ್ಕರಿಸಿದರು. ಎದೆಯ ಮೇಲಿನ ಭಾರ ಇದ್ದಲ್ಲೇ ಇತ್ತು.

ಅದೇ ವಾರ ತೋಕಿಯೋದಿಂದ ಪೆಟ್ಟಿಗೆ ಬಂತು. ಹೊಸ ಆಟ, ಜೊತೆಗೆ ದಪ್ಪ ಕಾಗದದ ಪುಸ್ತಿಕೆ. ಪಕ್ಕದ ಮನೆಯವಳು ಆಟವನ್ನು ಟಿವಿಗೆ ಜೋಡಿಸಿಕೊಟ್ಟಳು. ದೋಣಿ ಬಂತು, ಸಮುದ್ರ ಬಂತು. ರಾಗವನ್ನು ಈಗ ಐವತ್ತು ವಾದ್ಯಗಳ ಮೇಳದಿಂದ ನುಡಿಸಿದ್ದರು. ಇಂದಿನ ಯಂತ್ರಕ್ಕೆ ಸ್ವರಗಳ ಕೊರತೆಯಿಲ್ಲ. ಹಿಸಾಯೊ ಬಿಟ್ಟ ಜಾಗಗಳು ಕುಂದಿನಂತೆ ಕಂಡವೋ ಏನೋ, ಅಲ್ಲೆಲ್ಲ ಪಿಟೀಲುಗಳನ್ನು ತುಂಬಿದ್ದರು. ಹುಟ್ಟಿನ ಸದ್ದು ಎಲ್ಲೋ ಕೆಳಗೆ ಕೇಳಿಯೂ ಕೇಳದಂತೆ ಬೀಳುತ್ತಿತ್ತು. ಪಕ್ಕದ ಮನೆಯವಳು, "ಅಬ್ಬ, ಎಷ್ಟು ಚೆನ್ನಾಗಿ ಮಾಡಿದಾರೆ!" ಎಂದಳು.

"ಆರಿಸಿಬಿಡಮ್ಮಾ," ಎಂದರು ಕುನಿಹಿಕೊ.

ಮರುದಿನ ಮಧ್ಯಾಹ್ನ ಕಪ್ಪು ಕೋಟು ತೊಟ್ಟು, ಪುಸ್ತಿಕೆಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಆಸ್ಪತ್ರೆಗೆ ಹೋದರು. ತೊಯೊಶಿಮಾ ನರ್ಸು ಅದೇ ಮಹಡಿಯಲ್ಲಿ ಇದ್ದಳು. ಮೊದಲು ಗುರುತು ಹತ್ತಲಿಲ್ಲ, ಕಿಟಕಿ ಪಕ್ಕದ ಮಂಚ, ಹಿಸಾಯೊ ಎಂದಾಗ, "ಓ, ಕಂಬಿ ತಟ್ತಾ ಇದ್ದ ಅಜ್ಜಿ!" ಎಂದಳು.

"ನಿಮ್ಮ ಫೋನಿನಲ್ಲಿ ಒಂದು ರಾಗ ಇತ್ತು."

"ರಾಗಾನಾ? ಹೌದು ಹೌದು, ದೀಪಸ್ತಂಭದ್ದು. ಈಗ ಬದಲಾಯಿಸಿದೀನಿ. ಯಾಕೆ ತಾತ?"

"ಅದನ್ನ ಮಾಡಿದ್ದು ನನ್ನ ಹೆಂಡತಿ. ಅವಳು ಹೇಳಿದ್ದು ನಿಜ. ನಿಮಗೆ ಹೇಳಿ ಅಂತ ನನಗೆ ಹೇಳಿದ್ದಳು. ಅದಕ್ಕೇ ಬಂದೆ."

ನರ್ಸು ಅವರ ಕೈಯಲ್ಲಿದ್ದ ಪುಸ್ತಿಕೆಯನ್ನು ನೋಡಿದಳು. ಅವರು ಅದನ್ನು ಕೊಡುವುದೋ ಬೇಡವೋ ಎನ್ನುವಷ್ಟರಲ್ಲಿ ಅವಳೇ ಎರಡೂ ಕೈಯಲ್ಲಿ ತೆಗೆದುಕೊಂಡಳು. ಕೊನೆಯ ಪುಟಕ್ಕೆ ಹೋಗಿ ಹೆಸರುಗಳ ಮೇಲೆ ಬೆರಳು ಇಳಿಸಿದಳು. ಸಂಗೀತದ ಸಾಲು ದಾಟಿತು, ಚಿತ್ರದ ಸಾಲು ದಾಟಿತು. ಕಟ್ಟಕಡೆಗೆ ಬೆರಳು ನಿಂತಿತು. ಕಚೇರಿ ಸಹಾಯ, ಚಹಾ: ತರುಮಿ ಹಿಸಾಯೊ.

ಅವಳ ಮುಖ ಅರಳಿತು. "ಅಯ್ಯೋ ತಾತ, ಅಜ್ಜಿ ನಿಜವಾಗ್ಲೂ ಅಲ್ಲಿ ಕೆಲಸ ಮಾಡ್ತಿದ್ರಾ! ಎಷ್ಟು ಒಳ್ಳೇದಾಯ್ತು. ಎಲ್ಲರಿಗೂ ಚಹಾ ಕೊಟ್ಟು ಅವರೂ ಜೊತೇಲಿ ಸೇರಿ ಮಾಡಿದ ಹಾಗೇ ಅಲ್ವಾ ಅದು?"

ಹೇಳಿ ನಕ್ಕಳು. ಅದೇ ನಗೆ. ಅದರಲ್ಲಿ ಕರುಣೆಗೆ ಏನೂ ಕಡಿಮೆಯಿರಲಿಲ್ಲ.

ಕುನಿಹಿಕೊ ಬಾಯಿ ತೆರೆದರು. ಪಟ್ಟಿ, ಪ್ರಕಾಶಕರು, ಅದಲುಬದಲಾದ ಹೆಸರು, ಈರುಳ್ಳಿಯ ಕೊಟ್ಟಿಗೆ, ಎಲ್ಲಿಂದ ಹಿಡಿಯುವುದು? ಒಳಗೆ ಯಾವುದೋ ಮಂಚದ ಗಂಟೆ ಬಾರಿಸಿತು. ನರ್ಸು ಪುಸ್ತಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಅವರ ಕೈಗಿಟ್ಟು, ಬಾಗಿ ನಮಸ್ಕರಿಸಿ, ಓಡಿದಳು.

ಮನೆಗೆ ಬಂದು ಅವರು ಕೋಟು ಬಿಚ್ಚಲಿಲ್ಲ. ನೀರು ಕಾಯಿಸಿ ಚಹಾ ಮಾಡಿದರು. ಅವರ ಪಂಥದಲ್ಲಿ ಪೀಠದ ಮುಂದೆ ಚಹಾ ಇಡುವ ಪದ್ಧತಿಯಿಲ್ಲ. ಹೋದವರು ಅಮಿದನ ನಾಡಿನಲ್ಲಿದ್ದಾರೆ, ಅವರಿಗೆ ಬಾಯಾರಿಕೆಯಿಲ್ಲ. ಜೀವಮಾನವೆಲ್ಲ ಪದ್ಧತಿ ಕಾದ ಮನುಷ್ಯ, ಅಂದು ಒಂದು ಲೋಟ ಚಹಾವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಹಿಸಾಯೊಳ ಚಿತ್ರದ ಮುಂದೆ ಇಟ್ಟರು. ಎಲೆ ಜಾಸ್ತಿಯಾಗಿ ಚಹಾ ಕಪ್ಪಗಾಗಿತ್ತು.

ಗಂಟೆ ತಟ್ಟಿದರು. ಅದರ ನಾದ ಪೂರ್ತಿ ಅಡಗುವವರೆಗೆ ಕಾದರು.

"ಹೇಳಿದೆ ಕಣೇ," ಎಂದರು.

ಚಹಾ ಆರುವವರೆಗೂ ಅಲ್ಲೇ ಕುಳಿತಿದ್ದರು.